ಹೊಳೆ ಬದಿಯ ಊರಿನಲ್ಲಿ ಮನೆ ಕೊಳ್ಳುವವರಿಗೆ

ಹರಿಹರ, ಹೊನ್ನಾಳಿ ಅಥವಾ ದಾವಣಗೆರೆಯ ಕೆರೆಗಳ ಸುತ್ತ ನಿವೇಶನ ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರ ಮೊದಲ ಬೇಡಿಕೆ ಒಂದೇ: ಮಹಡಿಯ ಮೇಲೆ ನಿಂತರೆ ನೀರು ಕಾಣಬೇಕು. ಈ ಸೀಮೆಯಲ್ಲಿ ಮನೆ, ನಿವೇಶನಗಳ ಮಧ್ಯಸ್ಥಿಕೆಯನ್ನೇ ಜೀವನೋಪಾಯ ಮಾಡಿಕೊಂಡಿರುವ ನಾನು ಅವರಿಗೆ ಹೇಳುವುದು ತುಸು ಬೇರೆ. ನೀರು ಕಾಣುವ ಮನೆಗಿಂತ, ನೀರಿನವರೆಗೆ ಹತ್ತು ನಿಮಿಷದಲ್ಲಿ ನಡೆದು ಹೋಗಬಹುದಾದ, ಆದರೆ ನೀರು ತಾನಾಗಿ ನಡೆದು ಬರಲಾರದ ಮನೆ ಮೇಲು. ದಂಡೆಯ ನಿವೇಶನಕ್ಕೆ ಬೆಲೆ ಹೆಚ್ಚು, ಅದನ್ನು ಮಾರಿಸಿದವನಿಗೆ ಕಮಿಷನ್ನೂ ಹೆಚ್ಚು. ಹಾಗಿದ್ದೂ ಈ ಸಲಹೆ ಕೊಡುವುದಕ್ಕೆ ಇರುವ ಕಾರಣಗಳನ್ನೂ, ಅಂಥ ಮನೆಯನ್ನು ಗುರುತಿಸಿ, ಕಾಗದಪತ್ರ ನೋಡಿ, ಕಟ್ಟಿಸಿಕೊಳ್ಳುವ ಬಗೆಯನ್ನೂ ಇಲ್ಲಿ ವಿವರಿಸಿದ್ದೇನೆ.

ಮೊದಲು ಊರಿನ ಬದುಕು, ಆಮೇಲೆ ನಿವೇಶನ

ಹರಿಹರವು ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ, ತುಂಗಭದ್ರೆಯ ಬಲದಂಡೆಯ ಮೇಲಿದೆ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಸುತ್ತ ಹಳೆಯ ಊರಿದೆ. ರೈಲು, ಹೆದ್ದಾರಿ ಮತ್ತು ಕಾರ್ಖಾನೆಗಳು ಬಂದ ಮೇಲೆ ಬೆಳೆದ ಬಡಾವಣೆಗಳು ಹೊಳೆಯಿಂದ ದೂರಕ್ಕೆ ಹಬ್ಬಿವೆ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಇಲ್ಲಿಯೇ ಹೊಳೆಯನ್ನು ದಾಟುತ್ತದೆ. ದಾವಣಗೆರೆಯ ಕಾಲೇಜು, ಆಸ್ಪತ್ರೆ, ಮಾರುಕಟ್ಟೆಗಳು ಅರ್ಧ ಗಂಟೆಯ ಬಸ್ ದಾರಿಯಲ್ಲಿವೆ. ದುಡಿಮೆಗೆ ದೊಡ್ಡ ಊರು, ವಾಸಕ್ಕೆ ಹೊಳೆಯ ಊರು ಎಂಬ ಈ ಅನುಕೂಲ ಕರ್ನಾಟಕದ ನಡುಭಾಗದಲ್ಲಿ ಬೇರೆಡೆ ಸುಲಭವಾಗಿ ಸಿಗದು.

ಹೊಳೆಯ ಸುಖ ನಿವೇಶನದ ನಕ್ಷೆಯಲ್ಲಿ ಕಾಣುವಂಥದ್ದಲ್ಲ. ಬೆಳಗಿನ ಆರು ಗಂಟೆಗೆ ದಂಡೆಗೆ ಹೋದರೆ ಮೀಯಲು ಬಂದ ಹಿರಿಯರು ಮೊಣಕಾಲ ನೀರಿನಲ್ಲಿ ನಿಂತು ಅರ್ಘ್ಯ ಬಿಡುತ್ತಿರುತ್ತಾರೆ, ಬಂಡೆಗಳ ಮೇಲೆ ಒಗೆದ ಬಟ್ಟೆಗಳು ಹರಡಿಕೊಂಡಿರುತ್ತವೆ, ಹರಿಗೋಲಿನಲ್ಲಿ ಬಲೆ ಎತ್ತಿ ಬಂದವರ ಸುತ್ತ ಮೀನು ಕೊಳ್ಳುವವರು ನೆರೆದಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ಕಾಂಕ್ರೀಟು ರಾತ್ರಿ ಹತ್ತರವರೆಗೂ ಕಾವು ಬಿಡುತ್ತಿರುವಾಗ, ದಂಡೆಯ ಮೇಲೆ ಸಂಜೆ ಏಳಕ್ಕೇ ಗಾಳಿ ತಿರುಗುತ್ತದೆ. ಒಂದು ಪೊಟ್ಟಣ ಮಂಡಕ್ಕಿ, ಎರಡು ಮಿರ್ಚಿ ಹಿಡಿದು ಅಲ್ಲಿ ಕುಳಿತವರಿಗೆ ಮನೆಯ ಫ್ಯಾನು ನೆನಪಾಗುವುದಿಲ್ಲ. ಸಂಕ್ರಾಂತಿಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಳೆಗೆ ಇಳಿಯುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನಗಳನ್ನು ಪಕ್ಕದ ಕುಟುಂಬದವರೊಂದಿಗೆ ಹಂಚಿಕೊಂಡು ಉಣ್ಣುವ ಆ ಮಧ್ಯಾಹ್ನಕ್ಕೆ ನದಿ ನೋಟದ ಬಾಲ್ಕನಿ ಬೇಕಿಲ್ಲ, ಹೊಳೆಗೆ ಹೋಗುವ ದಾರಿಯೊಂದಿದ್ದರೆ ಸಾಕು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ದಂಡೆಯೆಂದರೆ ಪುಣ್ಯಸ್ನಾನದ ಸ್ಥಳ ಹೇಗೋ ಅಪರಕರ್ಮದ ಸ್ಥಳವೂ ಹೌದು. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣಗಳಂದು ವಾಹನಗಳು ಬೀದಿ ತುಂಬುತ್ತವೆ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಮಾವಾಸ್ಯೆಯಂದು ಸೇರುವ ಜನರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮರಳು ತೆಗೆಯುವ ಕಡೆಗಳಲ್ಲಿ ರಾತ್ರಿ ಓಡಾಡುವ ಲಾರಿಗಳಿಂದ ರಸ್ತೆ ಹಾಳಾಗುತ್ತದೆ, ನಿದ್ದೆಯೂ ಹಾಳಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿನ ವಾಸನೆ, ಮಳೆಗಾಲದ ಕೊನೆಯಲ್ಲಿ ಸೊಳ್ಳೆ, ಪೊದೆಗಳಿಂದ ಅಂಗಳಕ್ಕೆ ಬರುವ ಹಾವು ಇವೆಲ್ಲ ದಂಡೆಗೆ ಅಂಟಿದ ಮನೆಗಳವರ ಪಾಲು. ಐದಾರು ಬೀದಿ ಹಿಂದೆ ಇರುವವರಿಗೆ ಇವು ಅಷ್ಟಾಗಿ ತಟ್ಟುವುದಿಲ್ಲ. ಹೊಳೆಯ ಸಂಜೆ ಮಾತ್ರ ಇಬ್ಬರಿಗೂ ಒಂದೇ.

ಆದ್ದರಿಂದ ಹೊರಗಿನಿಂದ ಬರುವವರಿಗೆ ನನ್ನ ಸಲಹೆ: ಸಾಧ್ಯವಾದರೆ ಒಂದು ವರ್ಷ ಅದೇ ಓಣಿಯಲ್ಲಿ ಬಾಡಿಗೆಗೆ ಇರಿ. ಎರಡೂ ಕಡೆಯ ಖರ್ಚು ಭಾರ ಎನ್ನಿಸುವವರು ಕಡೇಪಕ್ಷ ಆಗಸ್ಟ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಲ್ಲಿ ಒಂದೆರಡು ರಾತ್ರಿ ತಂಗಬೇಕು. ಹಗಲು ಹೊತ್ತು ಕಾರಿನಲ್ಲಿ ಬಂದು ನಿವೇಶನ ನೋಡಿ ಹೋಗುವುದು ನೋಡಿದಂತಾಗುವುದಿಲ್ಲ.

ಹೊಳೆಯ ವರ್ಷವನ್ನು ತಿಳಿದುಕೊಳ್ಳುವುದು

ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತವೆ. ನಮ್ಮ ದಂಡೆಯಲ್ಲಿ ನೀರು ಎಷ್ಟಿರಬೇಕೆಂಬುದು ನಮ್ಮ ಊರಿನ ಮಳೆಯಿಂದ ತೀರ್ಮಾನವಾಗುವುದಿಲ್ಲ. ಮಲೆನಾಡಿನ ಮಳೆ ಮತ್ತು ಮೇಲಿನ ಎರಡು ಅಣೆಕಟ್ಟುಗಳ ಗೇಟುಗಳು ಅದನ್ನು ತೀರ್ಮಾನಿಸುತ್ತವೆ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ ಕೇವಲ 3.24 ಟಿಎಂಸಿ ಅಡಿ. ಮುಂಗಾರು ಹಿಡಿಯುತ್ತಲೇ ಅದು ತುಂಬಿಬಿಡುತ್ತದೆ, ಆಮೇಲೆ ಬಂದ ನೀರೆಲ್ಲ ಹೊಳೆಗೇ. ಲಕ್ಕವಳ್ಳಿಯ ಭದ್ರಾ ಜಲಾಶಯವಾದರೋ 71.5 ಟಿಎಂಸಿ ಅಡಿಯ ದೊಡ್ಡ ಒಡಲು. 186 ಅಡಿ ಮುಟ್ಟುವವರೆಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಭದ್ರೆಯೂ ತುಂಬಿ, ಎರಡೂ ಕಡೆಯಿಂದ ಒಟ್ಟಿಗೆ ನೀರು ಬಿಟ್ಟ ದಿನಗಳೇ ಹರಿಹರ, ಹೊನ್ನಾಳಿಗಳಿಗೆ ಆತಂಕದ ದಿನಗಳು. ಹರಿಹರದಲ್ಲಿ ಮಳೆಯೇ ಇಲ್ಲದೆ, ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ಏರುವುದಕ್ಕೆ ಇದೇ ಕಾರಣ.

ಇದರ ತದ್ವಿರುದ್ಧದ ಚಿತ್ರವೂ ಉಂಟು. 2023ರಂಥ ಬರದ ವರ್ಷದ ನಂತರದ ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವಿನ ಮಡುಗಳಿಗೆ ಇಳಿದಿತ್ತು. ಆಗಸ್ಟ್‌ನಲ್ಲಿ ದಡ ತುಂಬಿದ ನೀರನ್ನು ಕಂಡು ಮುಂಗಡ ಕೊಟ್ಟವರು ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ನಿಂತು ಬೇಸರಪಟ್ಟುಕೊಳ್ಳುವುದು ನಮ್ಮ ವೃತ್ತಿಯಲ್ಲಿ ಹೊಸತೇನಲ್ಲ. ಕೊಳ್ಳುವವರು ಒಂದು ವಿಷಯ ಮನಗಾಣಬೇಕು: ಹೊಳೆಯ ನೋಟಕ್ಕೆಂದು ಕೊಟ್ಟ ಹೆಚ್ಚುವರಿ ಹಣ ವರ್ಷದ ಕೆಲವು ತಿಂಗಳಿಗೆ ಮಾತ್ರ ಬೆಲೆ ಕಟ್ಟಿದ ಹಣ.

ಗೋಡೆ ಮತ್ತು ಜನರಿಂದ ನೆರೆಯ ಗುರುತು ಹಿಡಿಯುವುದು

ಯಾವ ಬೀದಿಗೆ ನೀರು ಬರುತ್ತದೆ ಎಂಬುದನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ. ಹರಿಹರದ ಗಂಗಾನಗರ, ಹೊನ್ನಾಳಿಯ ಬಾಲರಾಜ್ ಘಾಟ್ ಪ್ರದೇಶಗಳಿಗೆ ಹೊಳೆ ನುಗ್ಗುವ ಸುದ್ದಿ ಪತ್ರಿಕೆಗಳಲ್ಲಿ ಬರುವುದರಿಂದ ಅವು ಎಲ್ಲರಿಗೂ ಗೊತ್ತು. ಗೊತ್ತಾಗದಿರುವುದು ಅವುಗಳ ಅಕ್ಕಪಕ್ಕದ, ಅರ್ಧ ಬೀದಿಗೆ ಮಾತ್ರ ನೀರು ಬರುವ ಜಾಗಗಳು. ಅವನ್ನು ಕಣ್ಣಾರೆ ಕಂಡುಕೊಳ್ಳಬೇಕು.

ಹಳೆಯ ಮನೆಯೊಂದರ ಹೊರಗೋಡೆಯ ಬಳಿ ಕುಳಿತು ನೋಡಿ. ಮುಂಬದಿಯ ಗೋಡೆಗೆ ಹೊಸ ಬಣ್ಣ ಬಳಿದಿರುತ್ತಾರೆ; ಆದ್ದರಿಂದ ಪಕ್ಕದ ಸಂದಿಗೆ ಹೋಗಬೇಕು. ಅಲ್ಲಿ ಸುಣ್ಣದ ಮೇಲೆ ಮಟ್ಟಗೋಲು ಇಟ್ಟು ಎಳೆದಂತೆ ನೇರವಾದ ಕಂದು ಗೆರೆಯೊಂದು ಕಂಡರೆ ಅದು ನಿಂತ ನೀರಿನ ಗುರುತು. ನೆಲದ ತೇವ ಏರಿದ್ದಾದರೆ ಗೆರೆ ಹೀಗೆ ಸಮನಾಗಿರುವುದಿಲ್ಲ. ಒಂದೆಡೆ ಎತ್ತರ, ಒಂದೆಡೆ ತಗ್ಗಾಗಿ ಅಂಕುಡೊಂಕಾಗಿ ಹಬ್ಬಿ, ಬಿಳಿಯ ಉಪ್ಪು ಒಡೆದಿರುತ್ತದೆ. ಗೆರೆಯ ಕೆಳಗೆ ಗಾರೆಯನ್ನು ಉಗುರಿನಿಂದ ಕೆರೆದರೆ ನುಣುಪಾದ ಮೆಕ್ಕಲು ಪುಡಿಯಾಗಿ ಬರುತ್ತದೆ. ಬಾಗಿಲ ಚೌಕಟ್ಟಿನ ಕೆಳತುದಿ ಉಬ್ಬಿದೆಯೇ, ಒಳಗಿನ ವಿದ್ಯುತ್ ಪ್ಲಗ್ಗುಗಳು ವಾಡಿಕೆಗಿಂತ ಎತ್ತರದಲ್ಲಿವೆಯೇ, ಹೊಸ್ತಿಲನ್ನು ಇತ್ತೀಚೆಗೆ ಏರಿಸಿದ್ದಾರೆಯೇ ಎಂಬುದನ್ನೂ ಗಮನಿಸಿ. ಸುಮ್ಮನೆ ಯಾರೂ ಸ್ವಿಚ್ಚನ್ನು ಎದೆಮಟ್ಟಕ್ಕೆ ಏರಿಸುವುದಿಲ್ಲ.

ಆಮೇಲೆ ಬೀದಿಯ ಹಿರಿಯರನ್ನು ಕೇಳಬೇಕು. ಕೇಳುವ ರೀತಿಯೂ ಮುಖ್ಯ. "ಇಲ್ಲಿ ನೀರು ಬರುತ್ತದೆಯೇ?" ಎಂದು ನೇರವಾಗಿ ಕೇಳಿದರೆ, ತಮ್ಮ ಬೀದಿಯ ಬೆಲೆ ಇಳಿಸಲು ಯಾರಿಗೂ ಮನಸ್ಸಾಗದು. "ಹೊಳಿ ಬಂದಾಗ ನಿಮ್ಮನ್ನೆಲ್ಲ ಯಾವ ಸ್ಕೂಲಿಗೆ ಕರ್ಕೊಂಡು ಹೋಗಿದ್ರಮ್ಮ?" ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ: "ಈ ಕಡೀ ಸಾಲಿನ ಮನಿಯರೆಲ್ಲ ಹೋಗಿದ್ವಪ್ಪ, ಆ ಬೇವಿನ ಮರದಾಚೆ ಇರೋರಿಗೆ ಏನೂ ಆಗ್ಲಿಲ್ಲ." ಆ ಬೇವಿನ ಮರವೇ ನಿಮಗೆ ಬೇಕಾದ ಗಡಿ. 2019ರ ಆಗಸ್ಟ್‌ನ ನೆರೆ ಎಲ್ಲರ ನೆನಪಿನಲ್ಲೂ ಹಸಿಯಾಗಿದೆ. ಕಾಳಜಿ ಕೇಂದ್ರ ಎಲ್ಲಿ ತೆರೆದಿದ್ದರು, ಯಾವ ಮನೆಗಳಿಗೆ ಪರಿಹಾರ ಬಂತು ಎಂಬುದನ್ನು ಜನ ಮನೆ ಮನೆ ಲೆಕ್ಕದಲ್ಲಿ ಹೇಳಬಲ್ಲರು. ಪರಿಹಾರ ಪಡೆದವರ ವಿವರ ತಾಲ್ಲೂಕು ಕಚೇರಿಯಲ್ಲಿರುವುದರಿಂದ, ಸಂದೇಹವಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿಯೂ ತಿಳಿಯಬಹುದು.

ಹೊಳೆಯಿಂದ ದೂರವಿದ್ದರೆ ಸಾಕು ಎಂಬ ಧೈರ್ಯವೂ ತಪ್ಪು. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹೊಳೆ ತುಂಬಿ ಹರಿಯುವಾಗ ಹಳ್ಳದ ನೀರಿಗೆ ಮುಂದೆ ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಒತ್ತುತ್ತದೆ; ಸಣ್ಣ ಹಳ್ಳಗಳು, ರಾಜಕಾಲುವೆಗಳು, ದೊಡ್ಡ ಚರಂಡಿಗಳಿಗೂ ಇದೇ ಗತಿ. ದಂಡೆಯಿಂದ ಮೀಟರುಗಳಲ್ಲಿ ಅಳೆಯುವ ದೂರಕ್ಕಿಂತ ನೆಲದ ಎತ್ತರ ಹೆಚ್ಚು ಮುಖ್ಯ. ಸರ್ವೆಯರ್ ಅಥವಾ ಎಂಜಿನಿಯರ್ ಒಬ್ಬರಿಂದ ನಿವೇಶನದ ಮಟ್ಟವನ್ನು ಬೇವಿನ ಮರದಂಥ ಖಚಿತ ಗುರುತಿನೊಂದಿಗೆ ಹೋಲಿಸಿ ಅಳೆಯಿಸಿದರೆ ಅರ್ಧ ದಿನದಲ್ಲಿ ನಿಜ ತಿಳಿಯುತ್ತದೆ. ಅದಕ್ಕಾಗುವ ಖರ್ಚು ನಿವೇಶನದ ಬೆಲೆಯ ಮುಂದೆ ಏನೂ ಅಲ್ಲ.

ಕೆರೆಗಳ ಬಗ್ಗೆ ಬೇರೆ ಎಚ್ಚರ

ದಾವಣಗೆರೆಯವರಿಗೆ ನೀರಿನ ಬದಿಯ ವಾಸವೆಂದರೆ ಕುಂದವಾಡ ಕೆರೆ. ಭದ್ರಾ ನಾಲೆಯ ನೀರಿನಿಂದ ತುಂಬಿ ನಗರಕ್ಕೆ ಕುಡಿಯುವ ನೀರು ಕೊಡುವ ಈ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆದಾಡಲು ಬರುವವರೇ ಆ ಭಾಗದ ಬಡಾವಣೆಗಳಿಗೆ ಗಿರಾಕಿಗಳು ಎನ್ನಬಹುದು. ಹರಿಹರ ರಸ್ತೆಯ ಬಾತಿ ಕೆರೆ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿರುವ ಕೊಂಡಜ್ಜಿಯ ಕೆರೆ–ಗುಡ್ಡಗಳ ಸುತ್ತಲೂ ಈಗ ವಿಚಾರಿಸುವವರಿದ್ದಾರೆ. ನನ್ನ ಅಭಿರುಚಿಗೆ ಕೊಂಡಜ್ಜಿ ಈ ಮೂರರಲ್ಲಿ ಚೆಲುವು, ಆದರೆ ದಿನನಿತ್ಯ ನಗರಕ್ಕೆ ಓಡಾಡುವವರಿಗೆ ಕುಂದವಾಡವೇ ಅನುಕೂಲ.

ಕೆರೆಯ ಬಳಿ ನಿವೇಶನ ನೋಡುವಾಗ ಏರಿಯ ಯಾವ ಮಗ್ಗುಲಲ್ಲಿದೆ ಎಂದು ಮೊದಲು ಕೇಳಬೇಕು. ಏರಿಯ ಹಿಂಬದಿ, ಅಂದರೆ ಅಚ್ಚುಕಟ್ಟಿನ ಕಡೆ ಇದ್ದರೆ ಅದು ಒಂದು ಕಾಲದ ಗದ್ದೆ. ನೆಲ ಸದಾ ಜೌಗು. ನೀರಿನ ಕಡೆ ಇದ್ದರೆ ಕೆರೆ ಅಂಗಳದ ಒತ್ತುವರಿಯಾಗಿರುವ ಸಾಧ್ಯತೆಯನ್ನು ಅಳೆಯಿಸಿ ತಳ್ಳಿಹಾಕುವವರೆಗೆ ಮುಂಗಡ ಕೊಡಬಾರದು. ಕೋಡಿಯ ಕೆಳಗಿದ್ದರೆ ಮಾತೇ ಬೇಡ.

ಕೋಡಿಯ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಒಳ್ಳೆಯ ಪಾಠ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ, ಮಾರಿಕಣಿವೆ ಎಂದೂ ಕರೆಯುವ ಈ ಜಲಾಶಯ, ವೇದಾವತಿಗೆ ಅಡ್ಡಲಾಗಿ 30 ಟಿಎಂಸಿ ಅಡಿ ನೀರು ಹಿಡಿಯುವಂಥದ್ದು. 1933ರಲ್ಲಿ 130 ಅಡಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ನಂತರ. ಮೂರು ತಲೆಮಾರು ಕೋಡಿ ಕಾಣದ ಜನ ಅದರ ದಾರಿಯಲ್ಲೂ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲೂ ತೋಟ, ಮನೆ, ರಸ್ತೆ ಮಾಡಿಕೊಂಡಿದ್ದರು. ನೀರು ಬಂದಾಗ ಎರಡೂ ಕಡೆ ತೊಂದರೆಯಾಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಆ ಜಲಾಶಯಕ್ಕೆ ಬರುತ್ತಿರುವುದರಿಂದ ಹಳೆಯ ಲೆಕ್ಕಗಳನ್ನು ನಂಬಿ ಕೂರುವಂತಿಲ್ಲ. ಹಿರಿಯೂರಿನ ಕಡೆ ಫಾರ್ಮ್ ಪ್ಲಾಟು ಮಾರುವವರು "ನಮ್ಮ ಅಜ್ಜನ ಕಾಲದಿಂದ ಇಲ್ಲಿ ನೀರು ಬಂದಿಲ್ಲ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಆ ಮಾತಿನಿಂದ ಏನೂ ಸಾಬೀತಾಗುವುದಿಲ್ಲ.

ಕಾಗದಪತ್ರಗಳಲ್ಲಿ ನೀರನ್ನು ಹುಡುಕುವುದು

ಎಲ್ಲ ನಿವೇಶನಗಳಿಗೂ ನೋಡುವ ದಾಖಲೆಗಳನ್ನು ಇಲ್ಲಿಯೂ ನೋಡಬೇಕು: ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಭೂ ಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು, ನಗರದಲ್ಲಾದರೆ ಇ-ಆಸ್ತಿ ಖಾತೆ. ವಕೀಲರಿಗೆ ಇದು ರೂಢಿಯ ಕೆಲಸವಾದ್ದರಿಂದ ವಿಸ್ತರಿಸುವುದಿಲ್ಲ. ಬಿ-ಖಾತೆ ಎಂಬುದು ತೆರಿಗೆ ಕಟ್ಟಿಸಿಕೊಳ್ಳುವ ದಾಖಲೆಯೇ ಹೊರತು ಅಕ್ರಮ ಬಡಾವಣೆಯನ್ನು ಸಕ್ರಮ ಮಾಡುವ ಮುದ್ರೆಯಲ್ಲ ಎಂಬುದೊಂದನ್ನು ನೆನಪಿಟ್ಟರೆ ಸಾಕು.

ನೀರಿನ ಬದಿಯ ಆಸ್ತಿಗೆ ಇವುಗಳ ಜೊತೆಗೆ ಬೇಕಾದದ್ದು ಗ್ರಾಮ ನಕಾಶೆ. ಹಳ್ಳ, ಕೆರೆ, ಬಂಡಿದಾರಿಗಳು ಮೊದಲು ಎಲ್ಲಿದ್ದವೆಂದು ಅದರಲ್ಲಿ ಗುರುತಾಗಿರುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಅನ್ನು ಫೋನಿನಲ್ಲಿ ತೆರೆದು ನಿವೇಶನದ ನಡುವೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯುತ್ತದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಅದನ್ನು ಮೊದಲ ತಪಾಸಣೆಯಾಗಿ ಮಾತ್ರ ಬಳಸಿ, ಗಡಿಯ ಬಗ್ಗೆ ಸಣ್ಣ ಸಂಶಯ ಬಂದರೂ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ಕಾರಿ ಸರ್ವೆಯರ್ ಕೈಯಲ್ಲೇ ಅಳೆಯಿಸಬೇಕು. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗದ ಕಾಲಂ ನೋಡುವುದನ್ನು ಮರೆಯಬಾರದು. ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ಹಳ್ಳ, ದಾರಿ, ಕೆರೆಯ ಭಾಗಗಳು 'ಬಿ' ಖರಾಬು. ಅದನ್ನು ಮಾರುವ ಹಕ್ಕು ಯಾವ ಖಾಸಗಿ ಮಾಲೀಕನಿಗೂ ಇಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಓದುವುದು ಹಳೆಯ ಕ್ರಯಪತ್ರದ ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು. ಮೂವತ್ತು ನಲವತ್ತು ವರ್ಷದ ಹಿಂದಿನ ಪತ್ರದಲ್ಲಿ "ಪೂರ್ವಕ್ಕೆ ಸರ್ಕಾರಿ ಹಳ್ಳ" ಎಂದಿದ್ದು, ಈಗಿನ ಪತ್ರದಲ್ಲಿ "ಪೂರ್ವಕ್ಕೆ 20 ಅಡಿ ರಸ್ತೆ" ಎಂದಿದ್ದರೆ, ನಡುವೆ ಯಾರೋ ಹಳ್ಳವನ್ನು ಮುಚ್ಚಿದ್ದಾರೆ ಎಂದರ್ಥ. ಕಾಗದದಿಂದ ಹಳ್ಳ ಮಾಯವಾದರೂ ಮಳೆಗಾಲದಲ್ಲಿ ನೀರಿಗೆ ತನ್ನ ಹಳೆಯ ಹಾದಿ ಮರೆಯುವುದಿಲ್ಲ. ಹರಿಹರದ ಹಳೆಯ ಪತ್ರಗಳಲ್ಲಿ "ಚಿತ್ರದುರ್ಗ ಜಿಲ್ಲೆ" ಎಂದಿರುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಅದು ಹಾಗೆಯೇ ಇತ್ತು, ಹೊನ್ನಾಳಿ ಮತ್ತು ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಸೇತುವೆ ದಾಟಿ ಕುಮಾರಪಟ್ಟಣದ ಕಡೆ ಕೊಳ್ಳುವುದಾದರೆ ಜಿಲ್ಲೆ ಹಾವೇರಿ, ತಾಲ್ಲೂಕು ರಾಣೆಬೆನ್ನೂರು. ದಾಖಲೆ, ನೋಂದಣಿ ಎಲ್ಲದಕ್ಕೂ ಅತ್ತ ಕಡೆಯ ಕಚೇರಿಗಳಿಗೇ ಹೋಗಬೇಕು.

ಹೊಳೆ, ಕೆರೆ, ರಾಜಕಾಲುವೆಗಳಿಂದ ಎಷ್ಟು ಜಾಗ ಬಿಟ್ಟು ಕಟ್ಟಬೇಕೆಂಬುದು ಮಹಾಯೋಜನೆ ಮತ್ತು ಆಗಾಗ ತಿದ್ದುಪಡಿಯಾಗುವ ನಿಯಮಗಳನ್ನು ಅವಲಂಬಿಸಿದೆ. ಬಾಯಿಮಾತನ್ನು ನಂಬದೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ದೂಡಾದಿಂದ, ನಿಮ್ಮ ಸರ್ವೆ ನಂಬರಿಗೆ ಅನ್ವಯಿಸುವ ಭೂಬಳಕೆ ಮತ್ತು ಬಫರ್ ವಿವರವನ್ನು ಲಿಖಿತವಾಗಿ ಪಡೆಯಿರಿ. 30x40 ನಿವೇಶನದಲ್ಲಿ ಮೂರು ಮೀಟರ್ ಬಫರಿಗೆ ಹೋದರೂ ಉಳಿಯುವುದರಲ್ಲಿ ಬಯಸಿದ ಮನೆ ಕೂರದು.

ನೆಲ, ಪಾಯ ಮತ್ತು ತೇವ

ಇಲ್ಲಿನ ನೆಲ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಹಲವೆಡೆ ಎರೆಮಣ್ಣು ಇದೆ; ಅದು ಮಳೆಗಾಲದಲ್ಲಿ ನೆನೆಸಿದ ಅವಲಕ್ಕಿಯಂತೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಾಮೂಲಿ ಪಾಯದ ಮೇಲೆ ಕಟ್ಟಿದ ಗೋಡೆ ಈ ಹಿಗ್ಗು ಕುಗ್ಗನ್ನು ತಾಳಲಾರದೆ ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳುತ್ತದೆ. ಪಕ್ಕದ ಮನೆಗಳಲ್ಲಿ ಅಂಥ ಸೀಳು ಕಂಡರೆ ಮಣ್ಣು ಪರೀಕ್ಷೆ ಮಾಡಿಸದೆ ಮುಂದುವರಿಯಬಾರದು. ಗಟ್ಟಿ ನೆಲ ಸಿಗುವವರೆಗೆ ಅಗೆದು ಗರಸು ತುಂಬಿ ಕುಟ್ಟುವುದೋ, ಕಾಲಂಗಳ ಮೇಲೆ ಕಟ್ಟುವುದೋ, ಪೈಲ್ ಇಳಿಸುವುದೋ ಎಂಬುದನ್ನು ಎಂಜಿನಿಯರ್ ಹೇಳಬೇಕು. ಮೇಸ್ತ್ರಿಯ ಅಂದಾಜು ಸಾಲದು.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆ ಒಡೆದು ಮಾಡಿದ ಬಡಾವಣೆಗಳಲ್ಲಿ ಇನ್ನೊಂದು ಗುಣವಿದೆ. ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳು ನಾಟಿಗೆ ನಿಂತಾಗ ನೆಲದೊಳಗಿನ ನೀರು ಮೇಲೇರುತ್ತದೆ. ಆಗ ಹೋಗಿ ನಿರ್ಮಾಣದ ಹಂತದಲ್ಲಿರುವ ಮನೆಯ ಖಾಲಿ ಸಂಪಿನ ಮುಚ್ಚಳ ಎತ್ತಿ ನೋಡಿ. ಟ್ಯಾಂಕರ್ ಬಾರದಿದ್ದರೂ, ನಲ್ಲಿ ಇಲ್ಲದಿದ್ದರೂ ತಳದಲ್ಲಿ ಒಂದಡಿ ನೀರು ನಿಂತಿರುತ್ತದೆ. ಗೋಡೆಯ ಸಂದುಗಳಲ್ಲಿ ಸಣ್ಣ ಹನಿಗಳು ಬೆವರಿನಂತೆ ಮೂಡುತ್ತಿರುತ್ತವೆ. ಅಂಥ ಜಾಗದಲ್ಲಿ ಇಂಗುಗುಂಡಿ ನೀರನ್ನು ಇಂಗಿಸುವುದಿಲ್ಲ, ಶೌಚಗುಂಡಿ ಬೇಗ ತುಂಬುತ್ತದೆ, ಕೊಳವೆಬಾವಿಯ ನೀರು ಕೆಡುವ ಅಪಾಯವಿದೆ. ಒಳಚರಂಡಿ ಸಂಪರ್ಕವಿಲ್ಲದ ಬಡಾವಣೆಯಲ್ಲಿ ಕೊಳ್ಳದಿರುವುದೇ ಕ್ಷೇಮ. ಕೊಂಡರೆ ಸಂಪಿನ ಕಟ್ಟೆಯನ್ನು ನೆಲಮಟ್ಟಕ್ಕಿಂತ ಒಂದಡಿಯಾದರೂ ಎತ್ತರಿಸಿ, ಒಳಗೂ ಹೊರಗೂ ಜಲನಿರೋಧಕ ಗಾರೆ ಹಾಕಿಸಬೇಕು.

ಮನೆಯ ಮಟ್ಟವನ್ನು ತಿಳಿದಿರುವ ನೆರೆಯ ಗುರುತಿಗಿಂತ ಕಡೇಪಕ್ಷ ಎರಡಡಿ ಮೇಲಿಡುವುದು ನನ್ನ ಸಲಹೆ. ಗೋಡೆ ಏಳುವ ಮೊದಲು ಪಾಯದ ಮೇಲೆ ಡಿಪಿಸಿ, ಅಂದರೆ ನೆಲದ ತೇವ ಗೋಡೆಗೆ ಏರದಂತೆ ತಡೆಯುವ ಪದರ ಹಾಕುವುದನ್ನು ಖುದ್ದಾಗಿ ನಿಂತು ನೋಡಿ, ಏಕೆಂದರೆ ಆಮೇಲೆ ಅದನ್ನು ಸೇರಿಸಲು ಬರುವುದಿಲ್ಲ. ಒಳಚರಂಡಿಯ ಕೊಳವೆಗೆ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವ್ ಹಾಕಿಸಿ. ನೆರೆಯ ಸಮಯದಲ್ಲಿ ಹೊಸ್ತಿಲಿಗಿಂತ ಮೊದಲು ನೀರು ಬರುವುದು ಶೌಚಾಲಯದ ಮೂಲಕ. ವಿಮೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಎಂಬ ಮಾದರಿ ಪಾಲಿಸಿಯಲ್ಲಿ ಪ್ರವಾಹದ ಹಾನಿಯೂ ಒಳಗೊಂಡಿದೆ. ಬ್ಯಾಂಕ್ ಸಾಲದೊಂದಿಗೆ ಬರುವ ಜೀವವಿಮೆಯನ್ನೇ ಮನೆವಿಮೆ ಎಂದುಕೊಂಡವರು ಅನೇಕರಿರುವುದರಿಂದ ಪಾಲಿಸಿಯ ಹೆಸರನ್ನು ಓದಿ ಖಚಿತಪಡಿಸಿಕೊಳ್ಳಿ.

ಬೆಲೆ, ದಲ್ಲಾಳಿ ಮತ್ತು ಕರಾರು

ದಂಡೆಯ ನಿವೇಶನದ ಬೆಲೆಯನ್ನು ಅದೇ ಊರಿನ, ಹೊಳೆ ಕಾಣದ ಇದೇ ಅಳತೆಯ ನಿವೇಶನದ ಬೆಲೆಯೊಂದಿಗೆ ಹೋಲಿಸಿ. ವ್ಯತ್ಯಾಸವಿರುವಷ್ಟು ಹಣ ನೋಟಕ್ಕೆ ಕೊಡುವುದು. ಅದಕ್ಕೆ ಪಾಯವನ್ನು ಎತ್ತರಿಸುವ, ಗರಸು ತುಂಬಿಸುವ, ಜಲನಿರೋಧಕದ ಖರ್ಚನ್ನು ಸೇರಿಸಿದಾಗ ಹೆಚ್ಚಿನವರು ತಾವಾಗಿಯೇ ಐದಾರು ಬೀದಿ ಹಿಂದಕ್ಕೆ ಸರಿಯುತ್ತಾರೆ. ಸರಿಯದವರನ್ನು ನಾನು ತಡೆಯುವುದಿಲ್ಲ. ದಿನವಿಡೀ ಮನೆಯಲ್ಲೇ ಇರುವ ವಯಸ್ಸಾದವರಿಗೆ, ನಡೆಯಲಾಗದವರಿಗೆ ಕಿಟಕಿಯಲ್ಲಿ ಕಾಣುವ ಹೊಳೆ ನಿಜವಾಗಿಯೂ ಬೆಲೆಯುಳ್ಳದ್ದು, ಅವರು ಎತ್ತರದ ದಂಡೆಯನ್ನು ಹುಡುಕಿ ಕೊಳ್ಳಲಿ.

ದಲ್ಲಾಳಿಯ ಬಳಿ ಕೇಳಬೇಕಾದದ್ದನ್ನು ಸಂಕೋಚವಿಲ್ಲದೆ ಕೇಳಿ. 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದಲ್ಲಿ ಮಾಡಿದ ಬಡಾವಣೆಗೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ (ರೇರಾ) ನೋಂದಣಿ ಬೇಕು. ಅಂಥ ಯೋಜನೆಯಲ್ಲಿ ಮಾರಾಟ ಮಾಡಿಸುವ ಏಜೆಂಟನಿಗೂ ನೋಂದಣಿ ಸಂಖ್ಯೆ ಇರಬೇಕು. ಎರಡನ್ನೂ ಕರ್ನಾಟಕ ರೇರಾದ ಜಾಲತಾಣದಲ್ಲಿ ಪರಿಶೀಲಿಸಬಹುದು. ಕಮಿಷನ್ ಎಷ್ಟು, ಎರಡೂ ಕಡೆಯಿಂದ ಪಡೆಯುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದರಿಂದ ಕಡೆಗೆ ನೋಂದಣಿ ಕಚೇರಿಯ ಬಾಗಿಲಲ್ಲಿ ಮುನಿಸು ಬರುವುದಿಲ್ಲ.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಕರಾರು ಪತ್ರ ಬರೆಸಿ. ಅದರಲ್ಲಿ ಸಾಮಾನ್ಯ ಷರತ್ತುಗಳ ಜೊತೆಗೆ ಒಂದು ವಾಕ್ಯ ಇರಲಿ: ಸರ್ಕಾರಿ ಅಳತೆಯಲ್ಲಿ ನಿವೇಶನದ ಯಾವುದೇ ಭಾಗ ಹಳ್ಳ, ಕೆರೆ, 'ಬಿ' ಖರಾಬು ಅಥವಾ ಬಫರ್ ವ್ಯಾಪ್ತಿಗೆ ಬಂದರೆ ಮಾರುವವರು ಮುಂಗಡವನ್ನು ಪೂರ್ಣವಾಗಿ ಹಿಂದಿರುಗಿಸತಕ್ಕದ್ದು. ಈ ವಾಕ್ಯಕ್ಕೆ ಒಪ್ಪದವರ ಬಳಿ ಮಾತು ಮುಂದುವರಿಸುವ ಅಗತ್ಯವಿಲ್ಲ. ನೋಂದಣಿಯ ಖರ್ಚಿಗೆ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲವನ್ನೂ ಬೇರೆಯಾಗಿ ತೆಗೆದಿಡಬೇಕು. ನೋಂದಣಿಯಾದ ಮೇಲೆ ಖಾತೆ ನಿಮ್ಮ ಹೆಸರಿಗೆ ಬಂದಿರುವುದನ್ನು ನೋಡಿ, ನಾಲ್ಕು ಮೂಲೆಗೂ ಕಲ್ಲು ನೆಡಿಸಿ, ಕಾಂಪೌಂಡ್ ಗೋಡೆಯನ್ನು ಮಾತ್ರ ಒಂದು ಮಳೆಗಾಲ ಕಳೆದ ಮೇಲೆ ಕಟ್ಟಿಸಿ. ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆಂದು ಅಷ್ಟರಲ್ಲಿ ಕಂಡಿರುತ್ತದೆ, ಆ ಜಾಗದಲ್ಲಿ ತೂಬಿಗೆ ಕಂಡಿ ಬಿಡಿಸಬಹುದು.